ಈ ವಯಸ್ಸಿಗೆ ವಾಕಿಂಗ್ ಸಾಕಂತೆ

ಭಾನುವಾರ ಹತ್ತಿರದ ನೆಂಟರ ಮನೆಯ ಗೃಹಪ್ರವೇಶವಿತ್ತು. ಊಟದ ಹೊತ್ತಿಗೆ ಸರಿಯಾಗಿ ಕುಡಿಯುವ ನೀರಿನ ಕ್ಯಾನು ಖಾಲಿಯಾಯಿತು. ತುಂಬಿದ ಕ್ಯಾನುಗಳು ಗೋಡೆಯ ಪಕ್ಕದಲ್ಲೇ ಸಾಲಾಗಿ ನಿಂತಿದ್ದವು, ಅಡುಗೆಯವರ ಹುಡುಗ ಎಲೆ ಹಾಕುವುದರಲ್ಲಿದ್ದ. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕ್ಯಾನಿಗೆ ಆದಷ್ಟು ಹತ್ತಿರ ನಿಂತು ಬಾಗಿ, ಅದನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಮಗುಚಿದೆ. 20 ಲೀಟರ್ ನೀರೆಂದರೆ 20 ಕಿಲೋ, ಅದರ ಮೇಲೆ ಕ್ಯಾನಿನ ತೂಕ ಬೇರೆ. ಅಷ್ಟರಲ್ಲಿ ಮೂರು ದಿಕ್ಕಿನಿಂದ ಮೂವರು ಮೈದುನಂದಿರು "ಅಯ್ಯೋ ಅತ್ತಿಗೆ, ಬಿಡಿ ಬಿಡಿ, ಸೊಂಟ ಹಿಡ್ಕೊಂಡ್ರೆ ಏನು ಗತಿ?" ಎಂದು ಕೂಗಿಕೊಂಡರು. ಕೂಗಿದರೇ ಹೊರತು ಒಬ್ಬನೂ ಕುರ್ಚಿ ಬಿಟ್ಟು ಏಳಲಿಲ್ಲ. ಏಳುವುದು ನಮ್ಮವರಿಗೆ ಎಷ್ಟು ಸುಲಭವೆಂಬುದು ಬೆಳಗ್ಗೆ ಹೋಮದ ಹೊತ್ತಿನಲ್ಲೇ ಗೊತ್ತಾಗಿತ್ತು: ಮಣೆಯ ಮೇಲೆ ಕುಳಿತಿದ್ದ ಯಜಮಾನ, ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಪೂರ್ಣಾಹುತಿಗೆ ಎದ್ದು ನಿಲ್ಲಲು ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದರಿಂದ ಪುರೋಹಿತರ ಹೆಗಲನ್ನು ಹಿಡಿದುಕೊಳ್ಳಬೇಕಾಯಿತು. ಪುರೋಹಿತರಿಗೆ ಅಭ್ಯಾಸವಾಗಿರಬೇಕು, ಮಂತ್ರ ತಪ್ಪಿಸದೆ ಹೆಗಲು ಕೊಟ್ಟರು.

ಆಮೇಲೆ ಬೀಡಾ ಹಾಕಿಕೊಳ್ಳುತ್ತ ಡಾಕ್ಟರ್ ಭಾವನವರು ತೀರ್ಪು ಕೊಟ್ಟರು. "ಏನಮ್ಮಾ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ? ನಿನ್ನ ವಯಸ್ಸಿಗೆ ವಾಕಿಂಗ್ ಸಾಕು."

ವಾಕಿಂಗ್ ಸಾಕು! ನಲವತ್ತೈದು ದಾಟಿದ ಯಾರಿಗೇ ಆಗಲಿ, ಅದರಲ್ಲಿಯೂ ಹೆಂಗಸರಿಗೆ, ಮಂಡಿ ನೋವಿಗೂ ಸಕ್ಕರೆಗೂ ನಿದ್ದೆ ಬಾರದಿರುವುದಕ್ಕೂ ನಮ್ಮ ಸಮಾಜ ಬರೆದುಕೊಡುವ ಚೀಟಿ ಇದೊಂದೇ. ಇದರ ಬಗ್ಗೆ ನನಗಿರುವ ಕೋಪವನ್ನು ಅಲ್ಲಿ ಹೋಳಿಗೆಯ ಮುಂದೆ ತೋರಿಸಲಾಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ನಿಮಗೆಲ್ಲ ಗೊತ್ತಿರುವುದೇ. ಬ್ಯಾಂಕಿನ ಕುರ್ಚಿಯಲ್ಲಿ ಅರ್ಧ ಆಯುಷ್ಯ ಕಳೆದವಳು, ಎಡ ಭುಜ ಹಿಡಿದುಕೊಂಡು ಕುಪ್ಪಸದ ಗುಂಡಿ ಹಾಕಿಕೊಳ್ಳಲೂ ಮಗಳನ್ನು ಕರೆಯುತ್ತಿದ್ದವಳು, ಮುಟ್ಟು ನಿಂತ ಮೇಲೆ ಮೈ ತನ್ನದಲ್ಲವೆಂಬಂತಾಗಿ ಕಂಗಾಲಾದವಳು. ಆ ದಿನಗಳಲ್ಲಿಯೂ ನಾನು ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ದಿನ ತಪ್ಪಿಸದೆ ನಡೆಯುತ್ತಿದ್ದೆ ಎಂಬುದನ್ನು ಮಾತ್ರ ಜನ ಮರೆಯುತ್ತಾರೆ. ಕೆರೆಯ ಹಕ್ಕಿಗಳೆಲ್ಲ ನನಗೆ ಪರಿಚಯವಾದವು, ನಡಿಗೆ ಗೆಳತಿಯರೊಂದಿಗೆ ಊರಿನ ಸಮಾಚಾರವೆಲ್ಲ ವಿಲೇವಾರಿಯಾಯಿತು, ಎದೆ ಹಗುರವಾಯಿತು. ಆದರೆ ಗ್ಯಾಸ್ ಸಿಲಿಂಡರನ್ನು ಒಲೆಯ ಕೆಳಕ್ಕೆ ತಳ್ಳಲು, ಅಟ್ಟದ ಮೇಲಿನ ಪಾತ್ರೆ ಇಳಿಸಲು, ನೆಲದಿಂದ ಕೈ ಊರದೆ ಏಳಲು ಆ ನಡಿಗೆ ನನಗೆ ಏನನ್ನೂ ಕಲಿಸಲಿಲ್ಲ. ಕಲಿಸುವುದು ಅದರ ಕೆಲಸವೂ ಅಲ್ಲ. ನಡಿಗೆಯಲ್ಲಿ ಮಂಡಿ ಪೂರ್ತಿ ಮಡಚುವುದಿಲ್ಲ, ಕೈ ತಲೆಯ ಮೇಲಕ್ಕೆ ಹೋಗುವುದಿಲ್ಲ, ಬೆನ್ನು ಭಾರ ಹೊರುವುದಿಲ್ಲ.

ಈಗ ನಾನು ಹೋಗುವ ಜಾಗಕ್ಕೆ ಫಂಕ್ಷನಲ್ ಫಿಟ್‌ನೆಸ್ ತರಗತಿ ಎಂದು ಹೆಸರು, ಅಂದರೆ ಎತ್ತುವುದು, ಬಾಗುವುದು, ಏಳುವುದು ಇಂಥ ದಿನನಿತ್ಯದ ಕೆಲಸಗಳಿಗೆ ಮೈಯನ್ನು ತಯಾರು ಮಾಡುವ ವ್ಯಾಯಾಮ. ಕನ್ನಡಿಯಿಲ್ಲ, ಓಡುವ ಯಂತ್ರವಿಲ್ಲ, ತಗಡಿನ ಚಾವಣಿಯ ಉದ್ದನೆಯ ಕೋಣೆಯೊಂದರಲ್ಲಿ ರಬ್ಬರ್ ಮ್ಯಾಟು ಹಾಸಿದೆ, ಮೂಲೆಯಲ್ಲಿ ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು), ಮರಳಿನ ಚೀಲ, ಮರದ ಪೆಟ್ಟಿಗೆಗಳಿವೆ. ಕೋಚ್ ನಮ್ಮ ಮೈಸೂರಿನ ಗರಡಿ ಮನೆತನದ ಹುಡುಗ, ಸ್ಕ್ವಾಟ್ ಎನ್ನುವ ಬದಲು "ಬಸ್ಕಿ ಹೊಡೀರಿ ಮೇಡಂ" ಎನ್ನುತ್ತಾನೆ. ಮೊದಲ ವಾರಗಳಲ್ಲಿ ಅವನು ನನ್ನ ಕೈಗೆ ತೂಕವನ್ನೇ ಕೊಡಲಿಲ್ಲ. ಒಂದು ಪ್ಲಾಸ್ಟಿಕ್ ಪೈಪನ್ನು ಬೆನ್ನಿನ ಮೇಲೆ ಉದ್ದಕ್ಕೆ ಹಿಡಿಸಿ, ಅದು ತಲೆಯ ಹಿಂಭಾಗಕ್ಕೂ ಬೆನ್ನಿನ ಮೇಲ್ಭಾಗಕ್ಕೂ ಸೊಂಟದ ಕೆಳಗಿನ ಮೂಳೆಗೂ ಒಟ್ಟಿಗೆ ತಾಗಿರುವಂತೆ ಬಾಗಲು ಹೇಳಿದ. ನೋಡಲು ಏನೂ ಅಲ್ಲ. ಮಾಡಲು ಹೋದರೆ ಅರ್ಧ ಬಾಗುವಷ್ಟರಲ್ಲಿ ಪೈಪು ಬೆನ್ನನ್ನೋ ತಲೆಯನ್ನೋ ಬಿಟ್ಟಿರುತ್ತದೆ, ಏಕೆಂದರೆ ಇಷ್ಟು ವರ್ಷ ನಾವು ಬಾಗುತ್ತ ಬಂದಿರುವುದು ಬೆನ್ನನ್ನು ಗೂನು ಮಾಡಿಯೇ ಹೊರತು ಸೊಂಟದ ಕೀಲನ್ನು ಮಡಚಿ ಅಲ್ಲ. ಪೈಪು ಮೂರು ಕಡೆಯೂ ತಾಗಿದ ದಿನ ತೊಡೆಯ ಹಿಂಭಾಗ ಹುರಿಗೊಂಡು ಎಳೆಯಿತು, "ಈಗ ಕೆಲಸ ಮಾಡ್ತಿರೋದು ಅದು, ನಿಮ್ಮ ಸೊಂಟ ಅಲ್ಲ" ಎಂದ. ಗೃಹಪ್ರವೇಶದಲ್ಲಿ ನೀರಿನ ಕ್ಯಾನು ಎತ್ತಿದ್ದು ಆ ಪೈಪಿನ ಪಾಠದಿಂದ. ನನ್ನ ಸೊಂಟದ ಬಗ್ಗೆ ಕಳವಳಗೊಂಡ ಮೈದುನಂದಿರು ಇದನ್ನು ಗಮನಿಸಬೇಕು.

ಅಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದೇ ಕೈಯಲ್ಲಿ ಭಾರ ಹಿಡಿದು, ಮೈಯನ್ನು ಆ ಕಡೆಗೂ ಈ ಕಡೆಗೂ ವಾಲಿಸದೆ ನೆಟ್ಟಗೆ ನಡೆಯುವ ವ್ಯಾಯಾಮ. ದೇವರಾಜ ಮಾರುಕಟ್ಟೆಯಿಂದ ಒಂದೇ ಚೀಲದಲ್ಲಿ ವಾರದ ತರಕಾರಿ ಹೊತ್ತು ತರುವವರು ಮಾಡುವುದೂ ಇದನ್ನೇ, ಆದರೆ ವಾಲಿಕೊಂಡು. ಅತ್ಯಂತ ದ್ವೇಷದ್ದು ಅಂಗಾತ ಮಲಗಿದಲ್ಲಿಂದ, ಒಂದು ಕೈಯಲ್ಲಿ ಭಾರವನ್ನು ಮೇಲಕ್ಕೆ ಹಿಡಿದುಕೊಂಡೇ, ಮೊಣಕೈ, ಅಂಗೈ, ಮಂಡಿ ಎಂದು ಹಂತಹಂತವಾಗಿ ಎದ್ದು ನಿಂತು, ಮತ್ತೆ ಅದೇ ದಾರಿಯಲ್ಲಿ ಮಲಗುವುದು. ಹೆಸರು ಟರ್ಕಿಶ್ ಗೆಟ್‌ಅಪ್. ಬೈದುಕೊಂಡೇ ಮಾಡುತ್ತೇನೆ.

ಭಾವನವರು ಡಾಕ್ಟರಾದ್ದರಿಂದ ಅವರಿಗೆ ಅವರ ಭಾಷೆಯಲ್ಲೇ ಉತ್ತರ ಕೊಡಬೇಕೆಂದು ಮನೆಗೆ ಬಂದು ಕುಳಿತೆ. ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪ್ರತಿಶತ ಕರಗುತ್ತದೆ, ಅರವತ್ತರ ನಂತರ ವೇಗ ಇನ್ನೂ ಹೆಚ್ಚುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಯೂ ಅದರ ಜೊತೆಗೆ ಹೊರಡುತ್ತದೆ. ಊಟವಾದ ಮೇಲೆ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲೊಂದನ್ನು ಎಳೆದುಕೊಳ್ಳುವುದು ಈ ಸ್ನಾಯುವೇ ಎಂಬುದು, ಮನೆಗೊಬ್ಬ ಸಕ್ಕರೆ ಕಾಯಿಲೆಯವರಿರುವ ನಮ್ಮಂಥವರು ಮೊದಲು ತಿಳಿದಿರಬೇಕಾದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಎಂಬ ಸಾಲಿದೆ, ನಮ್ಮ ವಾಕಿಂಗ್ ಪಂಥದವರಿಗೆ ಕಾಣುವುದು ಅದೊಂದೇ. ಅದರ ಜೊತೆಯಲ್ಲೇ, ವಾರದಲ್ಲಿ ಕನಿಷ್ಠ ಎರಡು ದಿನ ಮೈಯ ಮುಖ್ಯ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಆಗಬೇಕು ಎಂದಿದೆ. 65 ದಾಟಿದವರಿಗಂತೂ ಬಲ ಮತ್ತು ಸಮತೋಲನದ ವ್ಯಾಯಾಮ ವಾರಕ್ಕೆ ಕನಿಷ್ಠ ಮೂರು ದಿನ ಇರಬೇಕು ಎಂದಿದೆ. ವಯಸ್ಸಾದಂತೆ ಇದು ಹೆಚ್ಚಬೇಕೆಂದು ಅವರು ಹೇಳಿದರೆ, ನಾವು ಕಡಿಮೆ ಮಾಡು ಎನ್ನುತ್ತೇವೆ. ಇನ್ನು ದಿನಕ್ಕೆ 10,000 ಹೆಜ್ಜೆಯೆಂಬ ಪವಿತ್ರ ಸಂಖ್ಯೆ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಹಿಡಿದ ಲೆಕ್ಕ. ಹೆಜ್ಜೆ ಹಾಕಿ, ಬೇಡವೆನ್ನುವವರು ಯಾರು? ಆದರೆ ಅದನ್ನು ಶ್ರುತಿವಾಕ್ಯ ಮಾಡಬೇಡಿ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2015ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಭಾರತವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಕೈಹಿಡಿತದ ಬಲವನ್ನು ಅಳೆದಿದ್ದರು. ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ 16 ಪ್ರತಿಶತ ಹೆಚ್ಚಿತ್ತು, ಮೇಲಿನ ರಕ್ತದೊತ್ತಡದ ಅಂಕಿಗಿಂತಲೂ ಹಿಡಿತವೇ ಸಾವನ್ನು ಚೆನ್ನಾಗಿ ಮುನ್ಸೂಚಿಸಿತ್ತು. ಹಿಡಿತ ಬಿಗಿಯಾದರೆ ಆಯುಷ್ಯ ಬೆಳೆಯುತ್ತದೆಂದು ಅದರ ಅರ್ಥವಲ್ಲ, ಹಿಡಿತವು ಇಡೀ ಮೈಯ ಕಸುವಿನ ಗುರುತು ಅಷ್ಟೇ. ಆದರೂ ನಮ್ಮಲ್ಲಿ ಬಿಪಿ ಯಂತ್ರವಿಲ್ಲದ ಮನೆಯಿಲ್ಲ, ಕೈಯಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲಾಗುತ್ತದೆಯೇ ಎಂದು ಕೇಳುವ ಡಾಕ್ಟರಿಲ್ಲ.

ಬಹಳ ಹಿಂದೆ, 1990ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು, ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವಯಸ್ಸಿನ, ಬಲಹೀನರಾದ 10 ಮಂದಿಯಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಕೊನೆಯವರೆಗೂ ಮಾಡಿದವರ ಕಾಲಿನ ಬಲ ಸರಾಸರಿ 174 ಪ್ರತಿಶತ ಏರಿತು, ಇಬ್ಬರು ಊರುಗೋಲನ್ನೇ ಬಿಟ್ಟರು. ತೊಂಬತ್ತರವರು ಭಾರ ಎತ್ತಿದರು, ಭಾವನವರೇ. ನನಗೆ ಇನ್ನೂ ಐವತ್ತೆರಡು.

"ನಮ್ಮಜ್ಜಿ ಯಾವ ಜಿಮ್ಮಿಗೆ ಹೋಗಿದ್ದಳು?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಬಂತು ಕೂಡ. ನಿಮ್ಮ ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಮೆಟ್ಟಿಲು ಹತ್ತುತ್ತಿದ್ದಳು, ಒರಳಿನ ಮುಂದೆ ಕೂತು ದೋಸೆಹಿಟ್ಟು ರುಬ್ಬುತ್ತಿದ್ದಳು, ಕುಕ್ಕರಗಾಲಿನಲ್ಲಿ ಕೂತು ಮನೆಮಂದಿಯ ಪಾತ್ರೆಯನ್ನೆಲ್ಲ ತಿಕ್ಕುತ್ತಿದ್ದಳು. ನಾವು ಮಿಕ್ಸಿ ತಂದೆವು, ಮೋಟರು ಹಾಕಿಸಿದೆವು, ಊಟದ ಮೇಜು ಬಂತು, ಕೊನೆಗೆ ಕಕ್ಕಸೂ ಕುರ್ಚಿಯಾಯಿತು. ಮೈ ಪೂರ್ತಿ ಮಡಚುವ ಕೆಲಸ ದಿನದಲ್ಲಿ ಒಂದೂ ಉಳಿಯಲಿಲ್ಲ. ಹಾಗೆಂದು ಬೀಸುವ ಕಲ್ಲು ವಾಪಸು ಬರಲಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಗಂಡಸರನ್ನು ಮೊದಲು ಎರಡು ಸೇರು ರಾಗಿ ಕೊಟ್ಟು ಅದರ ಮುಂದೆ ಕೂರಿಸಬೇಕು. ಮನೆಕೆಲಸದಿಂದ ಕಳಚಿಕೊಂಡ ಚಲನೆಯನ್ನು ವಾರಕ್ಕೆ ಕೆಲವು ಗಂಟೆ ಬೇರೆ ಕಡೆ ಹೋಗಿ ಮಾಡಿ ಬರುತ್ತೇನೆಂದರೆ ಅದು ಶೋಕಿಯಾಗುವುದು ಹೇಗೆ?

ಇದೆಲ್ಲ ಪರದೇಶದ ಸರಕು ಎನ್ನುವವರೂ ಇದ್ದಾರೆ. ಹೆಸರು ಪರದೇಶದ್ದು, ಕೆಟಲ್‌ಬೆಲ್ ರಷ್ಯಾದ್ದು, ಒಪ್ಪಿದೆ. ಆದರೆ ಗದೆ ತಿರುಗಿಸುವುದು, ದಂಡ, ಬಸ್ಕಿ ಇವುಗಳನ್ನು ಮೈಸೂರಿನ ಗರಡಿಗಳಿಗೆ ಯಾರೂ ವಿಮಾನದಲ್ಲಿ ತಂದಿಲ್ಲ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇಂದಿಗೂ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಡೆಯುತ್ತದೆ. ಬಲವೆಂಬುದು ನಮಗೆ ಅಪರಿಚಿತವೇನಲ್ಲ. ಗರಡಿಯ ಬಾಗಿಲು ಮಾತ್ರ ನಮ್ಮಂಥವರಿಗೆ ತೆರೆದಿರಲಿಲ್ಲ. ಗರಡಿ ಮನೆಯಿಂದ ಎರಡು ಬೀದಿ ಆಚೆ ಬೆಳೆದವಳು ನಾನು, ಒಳಗಿನ ಕೆಮ್ಮಣ್ಣನ್ನು ಬಾಗಿಲ ಸಂದಿಯಿಂದ ನೋಡಿದ್ದೇನೆಯೇ ಹೊರತು ಮುಟ್ಟಿಲ್ಲ. ಈಗ ಅದೇ ಮನೆತನದ ಹುಡುಗ ನನ್ನ ಬಸ್ಕಿ ತಿದ್ದುತ್ತಿದ್ದಾನೆಂದರೆ ನನಗೆ ಒಳಗೊಳಗೇ ಆಗುವ ಸಂತೋಷ ಸಣ್ಣದಲ್ಲ.

ಯೋಗ ಸಾಲದೇ ಎನ್ನುವವರಿಗೆ: ಮಾಡಿ, ನಾನೂ ಮಾಡುತ್ತೇನೆ. ಸೂರ್ಯನಮಸ್ಕಾರದಿಂದ ಮೈ ಬಾಗುವುದು, ಉಸಿರು ಸರಿಯಾಗುವುದು ನಿಜ. ಆದರೆ ಅಲ್ಲಿ ಹೊರುವುದು ನಮ್ಮ ಮೈಭಾರವನ್ನಷ್ಟೇ, ಅದೂ ಇವತ್ತಿಗಿಂತ ನಾಳೆ ಹೆಚ್ಚಾಗುವುದಿಲ್ಲ (ಹೆಚ್ಚಾದರೆ ಅದು ಬೇರೆ ಸಮಸ್ಯೆ). ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರಷ್ಟೇ ಬಲ ಬೆಳೆಯುತ್ತ ಹೋಗುತ್ತದೆ.

ಪೆಟ್ಟಾಗುತ್ತದೆ ಎಂಬ ಆಕ್ಷೇಪದಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಗೋಡೆಗೆ ಗಡಿಯಾರ ಹಾಕಿ, ಇಪ್ಪತ್ತೈದರ ಹುಡುಗರಿಗೂ ಐವತ್ತರ ಹೆಂಗಸಿಗೂ ಒಂದೇ ಲೆಕ್ಕ ಕೊಟ್ಟು, ಎದೆ ಬಿರಿಯುವಂತೆ ಓಡಿಸುವ ಜಾಗಗಳಿವೆ, ಅಂಥಲ್ಲಿಗೆ ಹೋಗಬೇಡಿ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಸವೆದ ಮೂಳೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಅಷ್ಟೇ, ಇದಕ್ಕಿಂತ ಹೆಚ್ಚು ಮರ್ಯಾದೆಯನ್ನು ಈ ಆಕ್ಷೇಪಕ್ಕೆ ನಾನು ಕೊಡಲಾರೆ, ಏಕೆಂದರೆ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರನ್ನು ನಾನು ಕುಟುಂಬದಲ್ಲೇ ಕಂಡಿದ್ದೇನೆ, ಅವರೆಲ್ಲ ಜೀವಮಾನದಲ್ಲಿ ಒಂದು ಡಂಬೆಲ್ಲನ್ನೂ ಮುಟ್ಟದ, ನಿತ್ಯ ವಾಕಿಂಗ್ ಮಾಡುತ್ತಿದ್ದ ಜನ.

ನಿಜ ಹೇಳಲೇ? ನಾನು ಅಲ್ಲಿಗೆ ಹೋಗುವುದು ಆರೋಗ್ಯಕ್ಕಾಗಿ, ದೀರ್ಘಾಯುಷ್ಯಕ್ಕಾಗಿ ಎಂದೆಲ್ಲ ಜನರೆದುರು ಹೇಳುತ್ತೇನೆ. ಒಳಗಿನ ಕಾರಣ ಬೇರೆಯೇ ಇದೆ. ಕಕ್ಕಸಿನಿಂದ ಏಳಲು ಇನ್ನೊಬ್ಬರ ಕೈಗಾಗಿ ಕಾಯುವ ದಿನ ನನಗೆ ಸಾವಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ನಮ್ಮ ಅತ್ತೆಯವರನ್ನು ಕೊನೆಯ ವರ್ಷಗಳಲ್ಲಿ ಹಾಗೆ ಎಬ್ಬಿಸುತ್ತಿದ್ದವಳು ನಾನೇ. ಪ್ರತಿಸಲವೂ ಅವರು "ನಿನಗೆ ತೊಂದರೆ ಕೊಟ್ಟೆ" ಎನ್ನುತ್ತಿದ್ದರು. ಅವರಿಗೆ ಇದ್ದದ್ದು ದೊಡ್ಡ ಕಾಯಿಲೆಯೇನಲ್ಲ, ತೊಡೆಯಲ್ಲಿ ಕಸುವಿರಲಿಲ್ಲ. ಅವರಿಗೂ ಡಾಕ್ಟರುಗಳು ಹೇಳುತ್ತಿದ್ದದ್ದು ಮನೆಯೊಳಗೇ ನಿಧಾನವಾಗಿ ವಾಕಿಂಗ್ ಮಾಡಿ ಎಂದೇ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಒಂದಿಷ್ಟು ಸಲ ಮಾಡಿಸಿ ಎಂದು ಒಬ್ಬರಾದರೂ ಹೇಳಿದ್ದರೆ ನಾನು ಮಾಡಿಸುತ್ತಿದ್ದೆ. ಖರ್ಚಿಲ್ಲ, ಯಂತ್ರ ಬೇಡ, ಕುರ್ಚಿ ಅಲ್ಲೇ ಇತ್ತು.

ಭಾವನವರ ಮೇಲೆ ನನಗೆ ವೈಯಕ್ತಿಕ ಸಿಟ್ಟಿಲ್ಲ, ಅವರು ಒಳ್ಳೆಯವರು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವರ್ಷಕ್ಕೊಮ್ಮೆ ಆಷಾಢದಲ್ಲಿ ಹತ್ತುತ್ತಾರೆ, ಇಳಿಯುವುದಕ್ಕೆ ಬಸ್ಸು ಹಿಡಿಯುತ್ತಾರೆ. ಮಂಡಿ ಕೇಳುವುದಿಲ್ಲವಂತೆ. ಇಳಿಯುವಾಗ ಮೈಭಾರವನ್ನು ತಡೆದು ನಿಲ್ಲಿಸಬೇಕಾದದ್ದು ತೊಡೆಯ ಮುಂಭಾಗದ ಸ್ನಾಯು, ಅದು ಸೋತರೆ ಏಟು ಮಂಡಿಗೆ. ಇದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ, ನನಗಿಂತ ಚೆನ್ನಾಗಿ ಗೊತ್ತು. ಬೇರೆಯವರಿಗೆ ಚೀಟಿ ಬರೆಯುವಾಗ ನೆನಪಾಗುವುದಿಲ್ಲ, ಅಷ್ಟೇ.

ತರಗತಿಯ ವಿವರ ಕೇಳಿದವರಿಗೆ ಇನ್‌ಬಾಕ್ಸಿನಲ್ಲಿ ಕಳಿಸುತ್ತೇನೆ. ಸಂಜೆಯ ಬ್ಯಾಚಿನಲ್ಲಿ ಜಾಗವಿದೆ. ಐವತ್ತು ದಾಟಿದ ಹೆಂಗಸರು ಐದು ಮಂದಿ ಇದ್ದೇವೆ, ಗಂಡಸರು ಇಬ್ಬರೇ. ನಮ್ಮ ಯಜಮಾನರು, ಕೆರೆಯ ಸುತ್ತ ನಡೆದೇ ಜಗತ್ತನ್ನು ಗೆಲ್ಲಬಹುದೆಂದು ನಂಬಿದ್ದವರು, ಭಾನುವಾರ ಮಣೆಯಿಂದ ಏಳುವ ಆ ದೃಶ್ಯವನ್ನು ಎದುರಿನ ಸಾಲಿನಲ್ಲೇ ಕೂತು ನೋಡಿದ್ದರಿಂದಲೋ ಏನೋ, ಬರುವ ವಾರದಿಂದ ತಾವೂ ಬರುತ್ತೇನೆಂದಿದ್ದಾರೆ. ಯಾರಿಗೂ ಹೇಳಬಾರದೆಂಬ ಷರತ್ತು ಹಾಕಿದ್ದಾರೆ. ಅವರು ಫೇಸ್‌ಬುಕ್ಕಿನಲ್ಲಿಲ್ಲ.