ಸ್ಟ್ಯಾಂಡ್ ಕೊಳ್ಳುವ ಮೊದಲು ನೆಲ ನೋಡಿ

ಕಲಬುರಗಿಯ ಮನೆಗಳಲ್ಲಿ ಗಾಡಿ ನಿಲ್ಲುವುದು ಹೆಚ್ಚಾಗಿ ಫರಸಿಯ ಮೇಲೆ. ಶಹಾಬಾದ್ ಕಲ್ಲಿನ ಚಪ್ಪಡಿ, ತೊಳೆದ ನೀರು ಗೇಟಿನ ಕಡೆ ಹರಿಯಲೆಂದು ಕೊಟ್ಟ ಇಳಿಜಾರು, ಬುಡದಲ್ಲಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು. ನಾನಿರುವ ಜರ್ಮನಿಯಲ್ಲಿ ಗ್ಯಾರೇಜ್ ಎಂದರೆ ಮಟ್ಟಸ ಕಾಂಕ್ರೀಟ್. ಇಲ್ಲಿಯವರ ವಿಡಿಯೊ ನೋಡಿ, ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ ಹಿಡಿಯುವ ಅದೇ ಪ್ಯಾಡಕ್ ಸ್ಟ್ಯಾಂಡ್ ಆನ್‌ಲೈನಿನಲ್ಲಿ ತರಿಸಿ, ಫರಸಿಯ ಮೇಲೆ ಹಾಗೇ ಗಾಡಿ ಎತ್ತುವುದು ಅಪಾಯ. ನಮ್ಮ ಕಡೆ ಸ್ಟ್ಯಾಂಡಿನ ಆಯ್ಕೆ ನೆಲದಿಂದ ಶುರುವಾಗಬೇಕು, ಗಾಡಿಯ ಮಾತು ಆಮೇಲೆ.

ಬಳಕೆಯೂ ಬೇರೆ. ಇಲ್ಲಿ ಅನೇಕರು ಬೈಕಿಗೆ ಋತುವಿನ ನಂಬರ್ ಪ್ಲೇಟ್ ಪಡೆಯುತ್ತಾರೆ. ಅದರ ಬಲತುದಿಯಲ್ಲಿ 04, 10 ಎಂದು ಅಚ್ಚಾಗಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಓಡಿಸಬಹುದು. ಉಳಿದ ತಿಂಗಳು ಸಾರ್ವಜನಿಕ ರಸ್ತೆಯ ಅಂಚಿನಲ್ಲಿ ನಿಲ್ಲಿಸುವಂತೆಯೂ ಇಲ್ಲ. ಐದು ತಿಂಗಳು ನಿಂತಲ್ಲೇ ನಿಂತ ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗುತ್ತದೆಂದು ಹಿಂದೆ, ಮುಂದೆ ಎರಡೂ ಸ್ಟ್ಯಾಂಡ್ ಕೊಟ್ಟು ಗಾಡಿ ಎತ್ತಿಡುತ್ತಾರೆ. ಕಲಬುರಗಿ, ಯಾದಗಿರಿಯಲ್ಲಿ ಗಾಡಿಗೆ ರಜೆಯಿಲ್ಲ. ಅಲ್ಲಿ ಸ್ಟ್ಯಾಂಡ್ ಬೇಕಾಗುವುದು ಚೈನಿಗಾಗಿ: ಎಣ್ಣೆಗೆ ಅಂಟಿದ ಧೂಳು ಅರೆಯುವ ಪುಡಿಯಂತೆ ಕೆಲಸ ಮಾಡಿ ಚೈನಿನ ರೋಲರ್, ಅದು ಸುತ್ತುವ ಸ್ಪ್ರಾಕೆಟ್ ಗಾಲಿಯ ಹಲ್ಲು ಎರಡನ್ನೂ ತಿನ್ನುತ್ತದೆ. 500 ಕಿ.ಮೀ.ಗೊಮ್ಮೆ ಚೈನ್ ಒರೆಸಿ ಎಣ್ಣೆ ಬಿಡಬೇಕಾದವರಿಗೆ ಮುಂದಿನ ಸ್ಟ್ಯಾಂಡಿನ ಖರ್ಚು ದಂಡ. ಮುಂದಿನ ಚಕ್ರ ಬಿಚ್ಚುವ ಕೆಲಸವಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ಗಾಡಿಗೆ ಡಬಲ್ ಸ್ಟ್ಯಾಂಡ್ ಇದ್ದರೆ ಬೇರೇನೂ ಕೊಳ್ಳಬೇಡಿ. 112 ಕೆ.ಜಿ.ಯ ಸ್ಪ್ಲೆಂಡರ್‌ಗೂ ಅದು ಬರುತ್ತದೆ, 195 ಕೆ.ಜಿ.ಯ ಕ್ಲಾಸಿಕ್ 350ಕ್ಕೂ ಬರುತ್ತದೆ. ಭಾರದ ಗಾಡಿ ಎತ್ತಲು ಸೊಂಟ ಹಿಡಿಯುವವರಿಗೆ ಒಂದು ಉಪಾಯವಿದೆ: ಹಿಂದಿನ ಚಕ್ರವನ್ನು ಅರ್ಧ ಇಂಚಿನ ಹಲಗೆಯ ಮೇಲೆ ಹತ್ತಿಸಿ, ಸ್ಟ್ಯಾಂಡಿನ ಕಾಲು ಹಲಗೆಯ ಆಚೆ ನೆಲಕ್ಕೆ ತಾಗುವಂತೆ ನೋಡಿಕೊಳ್ಳಿ. ಎತ್ತಬೇಕಾದ ಎತ್ತರ ಅಷ್ಟು ಕಮ್ಮಿಯಾಗುತ್ತದೆ. ಗಾಡಿ ನಿಂತ ಮೇಲೆ ಹಲಗೆ ಎಳೆದುಬಿಡಿ.

ಆರ್15, ಪಲ್ಸರ್ ಎನ್‌ಎಸ್200 ತರಹದ, ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಗೆ ಹಿಂದಿನ ಪ್ಯಾಡಕ್ ಸ್ಟ್ಯಾಂಡೇ ಸರಿ. ಇದರಲ್ಲಿ ಎರಡು ಬಗೆ. ಸ್ವಿಂಗ್‌ಆರ್ಮಿಗೆ, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿಗೆ, ನೂಲಿನ ಉರುಳೆಯಂಥ ಬಾಬಿನ್ ಬೋಲ್ಟ್ ಹಾಕಿ ಅದನ್ನು ಕೊಕ್ಕೆಯಿಂದ ಹಿಡಿಯುವುದು ಒಂದು. ರಬ್ಬರ್ ಹೊದಿಸಿದ ಎಲ್ ಆಕಾರದ ಪ್ಯಾಡಿನ ಮೇಲೆ ಸ್ವಿಂಗ್‌ಆರ್ಮನ್ನು ಕೂರಿಸುವುದು ಇನ್ನೊಂದು. ಬಾಬಿನ್‌ಗೆ ತೂತು ಇದ್ದರೆ ಅದನ್ನೇ ಆರಿಸಿ, ಪಕ್ಕಕ್ಕೆ ಜಾರುವುದಿಲ್ಲ. ತೂತು ಎಂ6, ಎಂ8, ಎಂ10 (6, 8, 10 ಮಿ.ಮೀ. ಬೋಲ್ಟಿನದು) ಹೀಗೆ ಗಾಡಿಗೊಂದು ಅಳತೆ, ಮರೆಯ (ತಿರುಪಿನ ಸುತ್ತುಗೆರೆಯ) ಅಂತರವೂ ಬೇರೆ ಇರಬಹುದು. ಬೋಲ್ಟ್ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹೋಗಬೇಕು. ಪಾನಾ ಹಾಕಿ ಬಲವಂತವಾಗಿ ತಿರುಗಿಸಿದರೆ ಸ್ವಿಂಗ್‌ಆರ್ಮಿನ ಮರೆಯೇ ಕಿತ್ತುಹೋಗುತ್ತದೆ. ಎಲ್ ಪ್ಯಾಡ್ ಆದರೆ ಸೈಲೆನ್ಸರಿಗೂ ಚೈನ್ ಅಡ್ಜಸ್ಟರಿಗೂ ತಾಗದ ಜಾಗ ಮೊದಲೇ ಗುರುತು ಮಾಡಿಕೊಳ್ಳಿ. ರಬ್ಬರ್ ಬಿರುಕು ಬಿಟ್ಟರೆ ಹಳೇ ಟ್ಯೂಬಿನ ತುಂಡು ಸುತ್ತಿದರೂ ನಡೆಯುತ್ತದೆ. ಕತ್ತರಿಯಂತೆ ತೆರೆದು ಗಾಡಿಯನ್ನು ಅಡಿಯಿಂದ ಎತ್ತುವ ಸಿಸರ್ ಜಾಕ್ ಬೇಡ. ಎಂಜಿನ್ ಅಡಿ ಸಮತಟ್ಟಾದ ಫ್ರೇಮ್ ಪೈಪಿಲ್ಲದ ಗಾಡಿಯಲ್ಲಿ ಅದರ ಭಾರವೆಲ್ಲ ಎಂಜಿನ್ ಕೇಸಿನ ಮೇಲೋ ಸೈಲೆನ್ಸರಿನ ಮೇಲೋ ಬೀಳುತ್ತದೆ.

ಇನ್ನು ಇಳಿಜಾರು. ಪ್ಯಾಡಕ್ ಸ್ಟ್ಯಾಂಡಿನ ಹಿಡಿಕೆ ಒತ್ತಿದಾಗ ಅದರ ಪ್ಯಾಡು ಮೇಲೇರಿ, ತನ್ನ ಗಾಲಿಯ ನೇರವನ್ನು ದಾಟಿ, ಸ್ವಲ್ಪ ಹಿಂದೆ ಬಂದು ಕೂರುತ್ತದೆ. ಆ ದಾಟುವಿಕೆಯೇ ಗಾಡಿಯನ್ನು ಹಿಡಿದಿಟ್ಟಿರುವುದು. ಗಾಡಿ ಮುಂದಕ್ಕೆ ಸರಿದರೆ ಸ್ಟ್ಯಾಂಡ್ ಕಳಚುತ್ತದೆ. ಡಬಲ್ ಸ್ಟ್ಯಾಂಡೂ ಹಾಗೇ. ಆದ್ದರಿಂದ ಇಳಿಜಾರಿನ ಅಂಗಳದಲ್ಲಿ ಗಾಡಿಯ ಮುಖ ಯಾವಾಗಲೂ ಏರಿನ ಕಡೆಗಿರಲಿ. ಹೊರಡುವ ಅನುಕೂಲಕ್ಕೆ ಗೇಟಿನತ್ತ ಮುಖಮಾಡಿ ನಿಲ್ಲಿಸುವುದು ನಮ್ಮ ಕಡೆಯ ರೂಢಿ, ಇಳಿಜಾರು ಇರುವುದೂ ಆ ಕಡೆಗೇ. ಎತ್ತುವ ದಿನ ತಿರುಗಿಸಿಕೊಳ್ಳಿ. ನಿಂತ ಮೇಲೆ ಮುಂದಿನ ಬ್ರೇಕ್ ಲಿವರನ್ನು ರಬ್ಬರ್ ಪಟ್ಟಿಯಿಂದ ಗಾಡಿಯ ಹ್ಯಾಂಡಲ್‌ಗೆ ಬಿಗಿದು ಕಟ್ಟಿ, ಮುಂದಿನ ಚಕ್ರಕ್ಕೆ ಒಂದು ಇಟ್ಟಿಗೆ ಕೊಡಿ.

ಫರಸಿಯನ್ನು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಅಡಿಯ ಗಾರೆ ಬಿಟ್ಟಿದೆ ಎಂದರ್ಥ. ಗಾಡಿಯ ಅರ್ಧದಷ್ಟು ಭಾರ ಎರಡು ಸಣ್ಣ ಗಾಲಿಯಡಿ ಬೆರಳಗಲದ ಜಾಗದಲ್ಲಿ ಕೂತಾಗ ಅಂಥ ಚಪ್ಪಡಿ ಸೀಳುತ್ತದೆ, ಗಾಡಿ ವಾಲುತ್ತದೆ. ಎರಡು ಅಡಿಗೆ ಮೂರು ಅಡಿಯ 18 ಮಿ.ಮೀ. ಪ್ಲೈವುಡ್ ಹಾಸಿ, ಅದು ಜಾರದಂತೆ ಅಡಿಗೆ ರಬ್ಬರ್ ಚಾಪೆ ಕೊಡಿ. ಹಿಂದಿನ ಚಕ್ರವೂ ಸ್ಟ್ಯಾಂಡೂ ಅದೇ ಹಲಗೆಯ ಮೇಲಿರಬೇಕು. ಬೀದರ್ ಕಡೆಯ ಗರಸಿನ ಅಂಗಳಕ್ಕೂ ಇದೇ ಮದ್ದು, ಇಲ್ಲದಿದ್ದರೆ ಗಾಲಿ ಹೂಳುತ್ತದೆ.

ಜರ್ಮನಿಯಲ್ಲಿ ಸ್ಟ್ಯಾಂಡ್ ಕೊಳ್ಳುವವರು ಅದು ಎಷ್ಟು ಕೆ.ಜಿ. ತಡೆಯುತ್ತದೆ, ಸುರಕ್ಷತಾ ಪರೀಕ್ಷೆಯ ಜಿಎಸ್ ಗುರುತಿದೆಯೇ ಎಂದು ಮೊದಲು ನೋಡುತ್ತಾರೆ. ಈ ಅಭ್ಯಾಸ ನಮ್ಮವರಿಗೆ ಬರಬೇಕು. ಆದರೆ ಇಲ್ಲಿಯವರಿಗಿಲ್ಲದ ಭಾಗ್ಯ ನಮ್ಮೂರಿನಲ್ಲಿದೆ: ಅಳತೆ ಕೊಟ್ಟರೆ ಸ್ಟ್ಯಾಂಡ್ ಮಾಡಿಕೊಡುವ ವೆಲ್ಡಿಂಗ್ ಅಂಗಡಿ. ನನ್ನ ಮತ ಅದಕ್ಕೇ. ಗಾಡಿಯನ್ನು ನೇರ ಹಿಡಿದು ಸ್ವಿಂಗ್‌ಆರ್ಮಿನ ಅಡಿಯಿಂದ ನೆಲಕ್ಕೆ ಅಳೆಯಿರಿ, ಎರಡು ಇಂಚು ಸೇರಿಸಿ. ಸ್ಟ್ಯಾಂಡ್ ನಿಂತಾಗ ಪ್ಯಾಡಿನ ಎತ್ತರ ಅಷ್ಟಿರಬೇಕು. ಒಂದೂಕಾಲು ಇಂಚಿನ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು, ಅದರ ತಗಡು 2 ಮಿ.ಮೀ.ಗಿಂತ ತೆಳುವಾದದ್ದು ಬೇಡ. ಗಾಲಿಯಿಂದ ಹಿಡಿಕೆ ಎರಡು ಅಡಿಗಿಂತ ಗಿಡ್ಡವಾದರೆ ಒತ್ತಲಾಗುವುದಿಲ್ಲ. ಮೂಲೆಗಳಿಗೆ ಪಟ್ಟಿಯ ಆಸರೆ ಕೊಡಿಸಿ. ಬರೀ ಅಲ್ಲಲ್ಲಿ ಟಾಕಿ ಹೊಡೆದು ಬಿಡದೆ ಬೆಸುಗೆ ಪೈಪಿನ ಸುತ್ತ ಪೂರ್ತಿ ಬರಲಿ. ಪ್ಯಾಡು ಗಾಲಿಯ ನೇರದಿಂದ ಒಂದು ಇಂಚಿನಷ್ಟು ಹಿಂದೆ ಕೂತಿದೆಯೇ ಎಂದು ಅಂಗಡಿಯಲ್ಲೇ, ಇಬ್ಬರು ಗಾಡಿ ಹಿಡಿದುಕೊಂಡು ಪರೀಕ್ಷಿಸಿ.

ಚಕ್ರ ಮೇಲೆದ್ದ ಮೇಲೆ ಎಂಜಿನ್ ಚಾಲೂ ಮಾಡಿ, ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಚೈನ್ ಒರೆಸುವವರಿದ್ದಾರೆ. ದಯವಿಟ್ಟು ಬೇಡ. ಬಟ್ಟೆಯ ಅಂಚು ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕೀಲಿ ತೆಗೆದು ಕಿಸೆಗೆ ಹಾಕಿಕೊಳ್ಳಿ, ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ಚಕ್ರ ತಿರುಗಿಸಿ, ಬಟ್ಟೆಯನ್ನು ಚೈನಿನ ಕೆಳಗಿನ ಎಳೆಯ ನಡುಭಾಗದಲ್ಲಷ್ಟೇ ಹಿಡಿಯಿರಿ.