ಡೇರೆಯ ಗಡೀಪಾರು

ಸಾಗರ, ಶಿರಸಿ ಸೀಮೆಯ ಅಂಗಳದಿಂದ ಒಂದು ಡೇರೆ ಗಿಡವನ್ನು, ಅಂದರೆ ಡೇಲಿಯಾವನ್ನು, ಕಿತ್ತುಹಾಕುವ ಮೊದಲು ಅದರ ವಂಶಾವಳಿ ನೋಡಬೇಕು. ಹೂವಿನದ್ದಲ್ಲ, ಗೆಡ್ಡೆ ಕೊಟ್ಟವರದ್ದು. ಅತ್ತಿಗೆಯ ತವರಿನಿಂದ ಬಂದದ್ದಾದರೆ ಹೂ ಬಿಡದಿದ್ದರೂ ಅದಕ್ಕೆ ಬದುಕುವ ಹಕ್ಕಿದೆ. ಮಳೆಗಾಲದಲ್ಲಿ ಅವರು ಬಂದೇ ಬರುತ್ತಾರೆ, ಕಾಲು ತೊಳೆದುಕೊಳ್ಳುವ ಮೊದಲೇ "ನಾನು ಕೊಟ್ಟದ್ದು ಎಲ್ಲಿದೆ?" ಎಂದು ಕೇಳುತ್ತಾರೆ.

ತೀರ್ಪು ಹೂವಿರುವಾಗಲೇ ಆಗಬೇಕು. ಗಿಡ ಒಣಗಿದ ಮೇಲೆ ಅಗೆದು ತೆಗೆದ ಗೆಡ್ಡೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಅಪರಾಧಿ ಯಾವುದು, ನಿರಪರಾಧಿ ಯಾವುದು ಎಂದು ಬ್ರಹ್ಮನೂ ಹೇಳಲಾರ. ಆದ್ದರಿಂದ ಚೌತಿ ಮುಗಿಯುತ್ತಿದ್ದಂತೆ ಹಳೆಯ ಸೀರೆಯ ಅಂಚನ್ನು ಹರಿದು, ಹೊರಡಬೇಕಾದವುಗಳ ಕಾಂಡಕ್ಕೆ ಕಟ್ಟುತ್ತೇನೆ.

ನೀಲಿ ಡೇರೆ ಎಂದು ಹೇಳಿ ಮಾರಿದ್ದಕ್ಕೆ ಮೊದಲು ಕಟ್ಟಿದೆ. ಅಪ್ಪಟ ನೀಲಿ ಡೇರೆ ಜಗತ್ತಿನಲ್ಲೇ ಇಲ್ಲ. ಇದು ಹತ್ತು ಸಲ ಒಗೆದ ನೇರಳೆ. ಬರೀ ಎಲೆ ಬೆಳೆಸಿ ಬಸವನಹುಳುಗಳಿಗೆ ಅನ್ನಸಂತರ್ಪಣೆ ಮಾಡುವುದಕ್ಕೆ ಇನ್ನೊಂದು ತುಂಡು. ಇವೆರಡರಲ್ಲಿ ವಿಚಾರಣೆಯ ಅಗತ್ಯವೇ ಬೀಳಲಿಲ್ಲ.

ಕಷ್ಟವಿರುವುದು ದೊಡ್ಡ ಕೆಂಪಿನ ವಿಷಯದಲ್ಲಿ. ಹತ್ತು ಇಂಚು ಅಗಲದ ಹೂವು, ಎಸಳಿನೊಳಗೆ ಎಸಳು. ಫೋಟೋದಲ್ಲಿ ನೋಡಿದವರು ಕೈ ಮುಗಿಯಬೇಕು. ಆದರೆ ನಮ್ಮಲ್ಲಿ ಅದು ಅರಳುವುದು ಶ್ರಾವಣದ ಜಡಿಮಳೆಯಲ್ಲಿ. ಆ ಎಸಳುಗಳ ಸಂದಿಯಲ್ಲೆಲ್ಲ ನೀರು ತುಂಬಿ, ಭಾರಕ್ಕೆ ಕತ್ತು ಬಾಗಿ, ಹೂವು ನೆಲ ನೋಡುತ್ತದೆ. ಅಡಕೆ ದಬ್ಬೆ ಸೀಳಿ ಊರುಗೋಲು ಕೊಟ್ಟರೆ ಕಾಂಡ ನೆಟ್ಟಗಾಗುತ್ತದೆ, ಕತ್ತು ಮಾತ್ರ ಆಗುವುದಿಲ್ಲ. ಹೂವಿನ ಹಿಂಭಾಗವನ್ನು ನೋಡುವುದಕ್ಕಾಗಿ ನಾನು ವರ್ಷವಿಡೀ ಗೊಬ್ಬರ ಹೊರಬೇಕೆ?

"ಪಾಪ, ಪರದೇಶದ ಗಿಡ, ನಮ್ಮ ಮಳೆಗೆ ಹೊಂದುವುದಿಲ್ಲ" ಎಂದು ಮನೆಯವರ ವಕಾಲತ್ತು. ಪರದೇಶದ್ದೆನ್ನುವುದೇನೋ ನಿಜ. ಮೆಕ್ಸಿಕೋದಲ್ಲಿ ಹುಟ್ಟಿ, ಸ್ಪೇನಿನ ಮ್ಯಾಡ್ರಿಡ್‌ನ ರಾಜೋದ್ಯಾನ ಸೇರಿ, 1791ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಹೆಸರು ಹೊತ್ತುಕೊಂಡ ಹೂವು ಇದು. ಆದರೆ ತವರಿನಲ್ಲಿಯೂ ಅದು ಅರಳುವುದು ಮಳೆಯಲ್ಲೇ. ಅಲ್ಲಿನ ಕಾಡು ಡೇರೆಗೆ ಸಾಮಾನ್ಯವಾಗಿ ಎಂಟೇ ಎಸಳು, ಒಂದೇ ಸುತ್ತು. ಬಿದ್ದ ನೀರು ಜಾರಿ ಹೋಗುತ್ತದೆ. ಸುತ್ತಿನ ಮೇಲೆ ಸುತ್ತು ಏರಿಸಿದ್ದು ಮನುಷ್ಯರ ಆಸೆ. ನಮ್ಮ ಬಾವಿಕಟ್ಟೆಯ ಬಳಿಯ ಒಂಟಿ ಸುತ್ತಿನ ಹಳದಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಎಂಥ ಮಳೆಯಲ್ಲೂ ಅದು ಮುಖ ಎತ್ತಿಕೊಂಡೇ ಇರುತ್ತದೆ. ಅತ್ತೆ ದೇವರಿಗೆ ಕೊಯ್ಯುವುದೂ ಅದನ್ನೇ.

ಆದರೂ ದೊಡ್ಡ ಕೆಂಪಿನ ಬಗ್ಗೆ ಅತ್ತೆಯ ತೀರ್ಮಾನ, "ಅದೂ ಒಂದು ಇರಲಿ ಬಿಡು" ಎಂದು. ನಮ್ಮ ಅಂಗಳ ಕಾಡಾದದ್ದು ಮಳೆಯಿಂದಲ್ಲ, ಈ "ಇರಲಿ ಬಿಡು" ಎಂಬುದರಿಂದ.

ಹಾಗೆಂದು ಗೆಡ್ಡೆಯನ್ನು ಎಸೆಯುವ ಪದ್ಧತಿಯೂ ಇಲ್ಲಿಲ್ಲ. ಹಂಚುತ್ತೇವೆ. ಈ ದಾನಧರ್ಮದಲ್ಲೂ ಒಂದು ರಾಜಕೀಯವಿದೆ. ಡೇರೆಯ ಗೆಡ್ಡೆ ಆಲೂಗಡ್ಡೆಯ ಹಾಗೆ ಮೈಯೆಲ್ಲ ಚಿಗುರುವುದಿಲ್ಲ. ಕಣ್ಣಿರುವುದು ಕಾಂಡಕ್ಕೆ ಅಂಟಿದ ಕತ್ತಿನ ಕಡೆ ಮಾತ್ರ. ಆ ತುದಿಯನ್ನು ಮುರಿದುಕೊಂಡು ಕೊಟ್ಟರೆ ಗೆಡ್ಡೆ ಮಣ್ಣಿನಲ್ಲಿ ಗುಂಡುಗುಂಡಾಗಿ ಮಲಗಿರುತ್ತದೆಯೇ ಹೊರತು ಮೊಳಕೆ ಒಡೆಯುವುದಿಲ್ಲ. ಅಪರೂಪದ ಜಾತಿಯನ್ನು ಕೇಳಿದಾಗ ಕೆಲವರು ನಗುನಗುತ್ತ ಕೊಡುವುದು ಇಂಥದ್ದನ್ನೇ. ಬೇಡವಾದದ್ದನ್ನಾದರೆ ಕೇಳುವ ಮೊದಲೇ, ಕಣ್ಣು, ಚಿಗುರು, ಮಣ್ಣು ಸಮೇತ ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನವರೆಗೆ ತಂದುಕೊಡುತ್ತಾರೆ. ಯಾರಾದರೂ ತೀರಾ ಧಾರಾಳವಾಗಿ ಗೆಡ್ಡೆ ಕೊಟ್ಟರೆ ನನಗೆ ಗಾಬರಿಯಾಗುತ್ತದೆ.

ದೊಡ್ಡ ಕೆಂಪಿಗೆ ಮೈಸೂರಿನಲ್ಲಿರುವ ಅಕ್ಕನ ಮಗಳನ್ನು ಗೊತ್ತುಮಾಡಿದ್ದೇನೆ. ಅಲ್ಲಿ ನಮ್ಮಂಥ ಮಳೆಯಿಲ್ಲ, ಅವಳ ಬಾಲ್ಕನಿಗೆ ಮೇಲೊಂದು ಸೂರೂ ಇದೆ; ಕತ್ತು ಎತ್ತಿ ಬಾಳಬಹುದು. ಕಣ್ಣಿರುವ ಗೆಡ್ಡೆಯನ್ನೇ ಕಳಿಸುತ್ತೇನೆ, ಆಣೆ ಮಾಡಿ ಹೇಳುತ್ತೇನೆ. ಹೂವು ಹೇಗಿರುತ್ತದೆ ಚಿಕ್ಕಮ್ಮ ಎಂದು ಫೋನಿನಲ್ಲಿ ಕೇಳಿದಳು. ಹಿಂಭಾಗವಂತೂ ಬಹಳ ಚೆನ್ನಾಗಿದೆ ಎಂದು ಹೇಳಿದ್ದೇನೆ.