ಕೆಳಗೆ ಪಿಜ್ಜಾ, ಮೇಲೆ ನಾವು

ಬಾಡಿಗೆ ಮನೆ ನೋಡುವಾಗ ನೀರು ಯಾವಾಗ ಬರುತ್ತೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಡಿಪಾಜಿಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕೆಳಗಿನ ಅಂಗಡಿ ಅಪ್ಪನದೋ ಮಗನದೋ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು ಅಂತ ನನ್ನ ಸಲಹೆ.

ನಮ್ಮ ಮನೆ ಇರುವುದು ಕಲಬುರಗಿಯ ಬ್ರಹ್ಮಪುರದ ಕಡೆ, ಒಂದು ಓಣಿಯಲ್ಲಿ. ಶರಣಬಸವೇಶ್ವರ ಗುಡಿಗೆ ನಡೆದೇ ಹೋಗಬಹುದು. ಮೇಲೆ ನಾವು, ಕೆಳಗೆ ಪಿಜ್ಜಾ ಅಂಗಡಿ, ಅದರ ಹಿಂದೆ ಇಟ್ಟಂಗಿಯಿಂದ ಕಟ್ಟಿದ ದೊಡ್ಡ ಬೇಕರಿ ಭಟ್ಟಿ. ಭಟ್ಟಿಯ ಹೊಗೆ ಕೊಳವೆ ಗೋಡೆ ಹಿಡಿದು ಮೇಲೇರಿ, ನಾವು ಬಟ್ಟೆ ಒಣಹಾಕುವ ಹಗ್ಗದ ಎತ್ತರಕ್ಕೆ ಸರಿಯಾಗಿ ಮುಗಿಯುತ್ತದೆ. ಕಟ್ಟಿಸಿದವರು ಅಳತೆ ಹಿಡಿದೇ ಕಟ್ಟಿಸಿರಬೇಕು.

ದೊಡ್ಡ ಸಾವಕಾರ್ರು, ಅಂದರೆ ಅಪ್ಪ, ಹರೆಯದಲ್ಲಿ ಮುಂಬೈ ಬೇಕರಿಯೊಂದರಲ್ಲಿ ಹಿಟ್ಟು ನಾದಿ ಬಂದವರು. ಊರಿಗೆ ವಾಪಸ್ ಬಂದು ಖಾರಿ, ಟೋಸ್ಟು, ಬನ್ನು, ಬ್ರೆಡ್ಡು ಶುರು ಮಾಡಿದರು. ಆಮೇಲೆ ಯಾರೋ ಕಾಲೇಜು ಹುಡುಗರು ಪಿಜ್ಜಾ ಕೇಳಿದರಂತೆ. ಇವರು ಬನ್ನಿನ ಹಿಟ್ಟನ್ನೇ ಅಗಲವಾಗಿ ತಟ್ಟಿ, ಮೇಲೆ ಟೊಮ್ಯಾಟೊ ಸಾಸ್, ಉಳ್ಳಾಗಡ್ಡಿ, ಡಬ್ಬು ಮೆಣಸಿನಕಾಯಿ, ತುರಿದ ಚೀಸ್ ಹಾಕಿ ಭಟ್ಟಿಗೆ ತಳ್ಳಿದರು. "ಖಾರ ಹಚ್ಚಲೇನ್ರಿ?" ಅಂತ ಕೇಳಿ, ಹೂಂ ಅಂದವರಿಗೆ ಹಸಿಮೆಣಸಿನಕಾಯಿ ಚಟ್ನಿ ಸವರಿದರು. ಬ್ರೆಡ್ ಕೊಯ್ಯುವ ಚಾಕುವಿನಲ್ಲೇ ಚೌಕ ಚೌಕ ಕೊಯ್ದು, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಲಿಂಬು ಇಟ್ಟುಕೊಟ್ಟರು. ಓಣಿಯ ಒಂದು ತಲೆಮಾರು ಪಿಜ್ಜಾ ಅಂದರೆ ಇದೇ ಅಂತ ನಂಬಿ ಬೆಳೆದಿದೆ. ಆ ಪೈಕಿ ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ದೊಡ್ಡ ಅಂಗಡಿಯಲ್ಲಿ ಪಿಜ್ಜಾ ಜೊತೆ ಉಳ್ಳಾಗಡ್ಡಿ ಯಾಕೆ ಕೊಟ್ಟಿಲ್ಲ ಅಂತ ಜಗಳ ತೆಗೆದನಂತೆ.

ಮಗ ಹೈದರಾಬಾದಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ. ಅವನು ಬಂದ ವರ್ಷ ಯುಗಾದಿ ದಿನ ಕಾಯಿ ಒಡೆದು, ಗಲ್ಲಾದ ಚಾವಿಗೆ ಕುಂಕುಮ ಹಚ್ಚಿ, ಓಣಿಯವರೆದುರೇ ಅಪ್ಪ ಮಗನ ಕೈಗಿಟ್ಟರು. "ಇನ್ಮ್ಯಾಲ ಎಲ್ಲಾ ಇವಂದೇ ರೀ. ನಾ ಸುಮ್ನ ಕುಂಡ್ರಾವ." ಎಲ್ಲರೂ ಪೇಡೆ ತಿಂದೆವು. ಮಾತಿಗೆ ತಪ್ಪದ ಮನುಷ್ಯ. ಮರುದಿನದಿಂದ ಸುಮ್ನೆ ಕುಂತರು. ಕುಂತದ್ದು ಮಾತ್ರ ಗಲ್ಲಾದ ಹಿಂದಿನ ಅದೇ ಕುರ್ಚಿಯಲ್ಲಿ.

ಚಿಕ್ಕ ಸಾವಕಾರನ ತಲೆಯಲ್ಲಿ ಇದ್ದದ್ದು ನೇಪಲ್ಸ್. ಇಟಲಿಯ ಆ ಊರಿನ ಪಿಜ್ಜಾಕ್ಕೆ ಒಂದು ಸಂಘವೇ ಇದೆ, 1984ರಲ್ಲಿ ಹುಟ್ಟಿದ್ದು, ಹಿಟ್ಟು ಹೇಗಿರಬೇಕು, ಅಂಚು ಎಷ್ಟು ಉಬ್ಬಬೇಕು ಅಂತ ಎಲ್ಲಕ್ಕೂ ನಿಯಮ ಬರೆದಿಟ್ಟಿದೆ. 2017ರಲ್ಲಿ ಯುನೆಸ್ಕೊ ಅಲ್ಲಿಯ ಪಿಜ್ಜಾ ಮಾಡುವ ಕಲೆಯನ್ನೇ ಪಾರಂಪರಿಕ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ಅವನು ಮೆಟ್ಟಿಲ ಮೇಲೆ ನನ್ನನ್ನು ಅಡ್ಡಹಾಕಿ ಹೇಳುತ್ತಿದ್ದ. ನಾನು ಕೈಯಲ್ಲಿ ಹಾಲಿನ ಪಾಕೀಟು ಹಿಡಿದು ಕೇಳುತ್ತಿದ್ದೆ. "ಕಟ್ಟಿಗಿ ಉರಿಯಾಗ ಅರವತ್ತರಿಂದ ತೊಂಬತ್ತು ಸೆಕೆಂಡು, ಅಷ್ಟೇ ರೀ ಅಣ್ಣಾ. ಪಿಜ್ಜಾ ರೆಡಿ!"

ಕುರ್ಚಿಯಿಂದ ದನಿ ಬಂತು: "ತೊಂಬತ್ತು ಸೆಕೆಂಡಿನಾಗ ಬೆಂದದ್ದು ಉಳದದ್ದು ಹೊಟ್ಟ್ಯಾಗ ಬೇಯಬೇಕಾಗ್ತದ."

ಮಗ ಮೊದಲು ಕೈಹಾಕಿದ್ದು ಮೆನುವಿಗೆ. ನೇಪಲ್ಸಿನಲ್ಲಿ 1870ರಲ್ಲಿ ಶುರುವಾದ ಒಂದು ಮನೆತನದ ಅಂಗಡಿ ಎಷ್ಟೋ ಕಾಲ ಎರಡೇ ಎರಡು ಬಗೆ ಪಿಜ್ಜಾ ಮಾರಿ ಹೆಸರು ಮಾಡಿದೆ, ಮಾರ್ಗರಿಟಾ ಮತ್ತು ಮರಿನಾರಾ. ಇವನೂ ಗೋಡೆಯ ಮೇಲಿನ ಉದ್ದನೆಯ ಪಟ್ಟಿ ಅಳಿಸಿ ಎರಡೇ ಹೆಸರು ಬರೆಸಿದ. ಮಾರ್ಗರಿಟಾದ ಕತೆಯನ್ನೂ ಅಪ್ಪನಿಗೆ ಹೇಳಿದ. 1889ರಲ್ಲಿ ಆ ಹೆಸರಿನ ರಾಣಿ ಬಂದಳು, ಪಿಜ್ಜಾ ತಿಂದಳು, ಮೆಚ್ಚಿದಳು, ಅದಕ್ಕೆ ಆ ಹೆಸರು. ಇತಿಹಾಸಕಾರರು ಈ ಕತೆಯನ್ನು ಅಷ್ಟಾಗಿ ನಂಬುವುದಿಲ್ಲ. ಸಾವಕಾರ್ರೂ ನಂಬಲಿಲ್ಲ. "ರಾಣಿ ಯಾಕ ಬರ್ತಾಳ ಬೇಕರಿಗೆ? ಆಳು ಕಳಸ್ತಾಳ."

ಮರಿನಾರಾದಲ್ಲಿ ಚೀಸ್ ಇರುವುದಿಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ, ಮುಗೀತು. ತಟ್ಟೆ ನೋಡಿದ ಮೊದಲ ಗಿರಾಕಿಯೇ "ಚೀಸ್ ಹಾಕೂದು ಮರ್ತೀರಿ" ಅಂದ. ಮಗ ವಿವರಿಸಿದ. ಎರಡನೆಯವ "ಚೀಸಿಗೂ ರೊಕ್ಕಾ ಕೊಟ್ಟೀವಲ್ರಿ" ಅಂದ. ಮಗ ಮತ್ತೆ ವಿವರಿಸಿದ. ಆಮೇಲೆ ಯಾಕೋ ದೂರು ನಿಂತೇಹೋಯಿತು. ಕಲಬುರಗಿಗೂ ಮರಿನಾರಾ ರುಚಿ ಹತ್ತಿತು ಅಂತ ಅವನು ಖುಷಿಯಲ್ಲಿದ್ದ. ಮೇಜಿಗೆ ಹೋಗುವ ಪ್ರತಿ ಮರಿನಾರಾ ಗಲ್ಲಾ ದಾಟುವಾಗ ಅಪ್ಪ ಕೆಳಗಿನಿಂದ ತುರಿಮಣೆ ತೆಗೆದು ಒಂದು ಹಿಡಿ ಚೀಸ್ ಉದುರಿಸುತ್ತಿದ್ದರು. ಮೆಟ್ಟಿಲಿಳಿಯುವ ನಮಗೆಲ್ಲ ಅದು ಕಾಣುತ್ತಿತ್ತು. ಭಟ್ಟಿ ಕಡೆ ಮುಖ ಮಾಡಿ ನಿಂತವನಿಗೆ ಕಾಣುತ್ತಿರಲಿಲ್ಲ.

ಹಿಟ್ಟಿನ ಕತೆ ನಡೆದದ್ದು ಬೇಸಿಗೆಯಲ್ಲಿ. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಮೇಲೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಹುಡುಗ ವಿಡಿಯೊ ನೋಡಿ ಹಿಟ್ಟು ನಾದಿದ. "ರೂಮ್ ಟೆಂಪರೇಚರಿನಲ್ಲಿ ಇಪ್ಪತ್ನಾಲ್ಕು ಗಂಟೆ ಬಿಡಿ" ಅಂತ ಅದರಲ್ಲಿತ್ತು. ಬಿಟ್ಟ. ಆ ರೂಮು ಯಾವ ಊರಿನದು ಅಂತ ವಿಡಿಯೊದವರು ಹೇಳಿರಲಿಲ್ಲ.

ಸೆಕೆ ಹೆಚ್ಚಾದಷ್ಟೂ ಯೀಸ್ಟಿಗೆ ಹುರುಪು ಜಾಸ್ತಿ. ಮರುದಿನ ಮಧ್ಯಾಹ್ನ ನಾನು ಆಫೀಸಿನಿಂದ ಬರುವಾಗ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಎದ್ದು ಕೂತಿದ್ದವು. ಒಂದು ಡಬ್ಬಿಯ ಹಿಟ್ಟು ಕಪಾಟಿನಿಂದ ಇಳಿದು, ಸಕ್ಕರೆ ಚೀಲ ದಾಟಿ, ನಿಧಾನಕ್ಕೆ ಗಲ್ಲಾದ ಕಡೆ ಹೊರಟಿತ್ತು. ಹುಳಿ ವಾಸನೆ ಬೇರೆ. ಮಗ ಕೈಯಲ್ಲಿ ಬಾಚುತ್ತಿದ್ದ, ಅದು ಬೆರಳಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಸಾವಕಾರ್ರು ಕಾಲು ಮೇಲೆತ್ತಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಬರ್ಫ್ ಹಾಕಿ ನಾದಬೇಕಿತ್ತೋ ತಮ್ಮಾ. ಬ್ಯಾಸಗ್ಯಾಗ ನೀರಿನ ಬದ್ಲಿ ಬರ್ಫ್. ಯೀಸ್ಟು ಅರ್ಧ."

"ನಿನ್ನೆನೇ ಯಾಕ ಹೇಳ್ಲಿಲ್ಲಪ್ಪಾ?"

"ಅಂಗಡಿ ನಿಂದಲ್ಲ? ನಾ ಸುಮ್ನ ಕುಂಡ್ರಾವ."

ಭಟ್ಟಿಯದು ಇನ್ನೊಂದು. ನೇಪಲ್ಸಿನ ಪಿಜ್ಜಾಕ್ಕೆ ಭಟ್ಟಿ ನಾನೂರ ಐವತ್ತು ಡಿಗ್ರಿ ಆಸುಪಾಸು ಕಾಯಬೇಕು. ಬನ್ನು, ಬ್ರೆಡ್ಡಿಗೆ ಅದರ ಅರ್ಧ ಸಾಕು. ಈ ಭಟ್ಟಿ ತನ್ನ ಆಯುಷ್ಯದಲ್ಲಿ ಅಷ್ಟು ಬಿಸಿ ಕಂಡಿದ್ದೇ ಇಲ್ಲ. ಮಗ ಯೋಚನೆ ಮಾಡಿ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ತೊಗರಿ ಕಟ್ಟಿಗೆ ತರಿಸಿದ. ತೊಗರಿಗೆ ನಮ್ಮ ಜಿಲ್ಲೆ ಕಣಜ, 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ, ಅಂದರೆ ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ರಾಶಿ ಮುಗಿದ ಮೇಲೆ ಕಟ್ಟಿಗೆಗೇನು ಬರ? ಬಡಬಡ ಉರಿಯುತ್ತದೆ, ಒಳ್ಳೆ ಕಾವು ಕೊಡುತ್ತದೆ, ಅಷ್ಟೇ ಬೇಗ ಬೂದಿಯಾಗುತ್ತದೆ. ಅವನು ಫೋನಿನಲ್ಲಿ ಸೆಕೆಂಡು ಎಣಿಸುತ್ತಿದ್ದಾಗ ಯಾರದೋ ಕರೆ ಬಂತು. "ಹಲೋ" ಅಂದು ಮುಗಿಸುವಷ್ಟರಲ್ಲಿ ಒಳಗಿನದು ಕಪ್ಪಾಗಿತ್ತು.

ಅಪ್ಪ ಎದ್ದು ಬಂದರು. ಒಂದು ಚಿಟಿಕೆ ಮೈದಾ ತೆಗೆದು ಭಟ್ಟಿಯ ನೆಲಕ್ಕೆ ಎಸೆದರು. ಹಿಟ್ಟು ಬಿದ್ದ ಕೂಡಲೇ ಹೊಗೆಯೆದ್ದು ಕರಕಲಾಯಿತು. "ಇನ್ನೂ ಭಾಳ ಕಾದದ." ಸ್ವಲ್ಪ ತಡೆದು ಮತ್ತೊಂದು ಚಿಟಿಕೆ. ಈ ಸಲ ಹಿಟ್ಟು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿತು. "ಈಗ ಹಾಕು." ಥರ್ಮಾಮೀಟರಿಗೆ ಹುಡುಗ ಸಾವಿರಾರು ರೂಪಾಯಿ ಕೊಟ್ಟಿದ್ದ. ಅದು ಈಗ ಹೂವಿನ ಹಾರದ ಪಕ್ಕ ಮೊಳೆಗೆ ನೇತಾಡುತ್ತಿದೆ.

ಆ ವಾರವಿಡೀ ನನ್ನ ಅಂಗಿಗಳಿಗೆ ತೊಗರಿ ಹೊಗೆ, ಬೆಳ್ಳುಳ್ಳಿ, ಚೀಸ್ ಮೂರೂ ಸೇರಿದ ವಾಸನೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ಹನ್ನೊಂದಕ್ಕೇ ನನ್ನ ಡಬ್ಬಿ ತೆರೆದು ನೋಡಿದರು. ಒಳಗೆ ಪುಂಡಿ ಪಲ್ಯ, ರೊಟ್ಟಿ. ಮುಖ ಸಪ್ಪಗಾಯಿತು. "ಮತ್ತ ವಾಸನಿ ಎಲ್ಲಿಂದ ಬರ್ಲತ್ತದ್ರಿ?" ಅಂತ ಅವರು ಇಡೀ ಸೆಕ್ಷನ್ ಹುಡುಕಿದರು.

ತುಳಸಿ ಪ್ರಕರಣ ಬೇರೆ. ಮಾರ್ಗರಿಟಾಕ್ಕೆ ಬೇಸಿಲ್ ಎಲೆ ಬೇಕು, ಇಲ್ಲಿ ಸಿಗುವುದಿಲ್ಲ ಅಂತ ಹುಡುಗ ನಮ್ಮ ಮಾಳಿಗೆ ಮೇಲೆ ಕುಂಡಗಳಲ್ಲಿ ಬೆಳೆಸಿದ. ಬೇಸಿಲ್ಲೂ ತುಳಸಿಯೂ ಒಂದೇ ಬಳಗದ ಗಿಡಗಳು, ನೋಡಲಿಕ್ಕೂ ಹತ್ತಿರ. ನಮ್ಮ ಅವ್ವ ಒಂದು ಬೆಳಿಗ್ಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ದೀಪವನ್ನೂ ಇಟ್ಟುಬಿಟ್ಟಳು. ಅಂದು ಸಂಜೆ ಏಳಕ್ಕೆ ಅವನು ಎಲೆ ಕೀಳಲು ಬಂದ. ಪಿಜ್ಜಾದ ವ್ಯಾಪಾರ ಇರುವುದೇ ಆ ಹೊತ್ತಿಗೆ.

"ಹೊತ್ತು ಮುಣಗಿದ ಮ್ಯಾಲ ಎಲಿ ಕೀಳ್ತಾರೇನೋ ಯಪ್ಪಾ?" ಅಂತ ಅವ್ವ ಅಡ್ಡ ನಿಂತಳು.

"ಆಯಿ, ಇದು ತುಳಸಿ ಅಲ್ಲ, ಬೇಸಿಲ್."

"ಹೆಸರು ಏನರ ಇರಲಿ. ದೀಪಾ ಹಚ್ಚೀನಿ."

ಅಲ್ಲಿಂದ ಮುಂದೆ ಅವನು ಹೊತ್ತು ಮುಳುಗುವ ಮೊದಲೇ ಎಲೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾನೆ. ಶುಕ್ರವಾರ ಪೂರ್ತಿ ರಜೆ. ಶುಕ್ರವಾರದ ಮಾರ್ಗರಿಟಾಕ್ಕೆ ಕೊತ್ತಂಬರಿ. ಯಾರೂ ದೂರಿಲ್ಲ, ಕೆಲವರು ಶುಕ್ರವಾರವೇ ನೋಡಿ ಬರುತ್ತಾರೆ.

ಅಪ್ಪ ಮಗನ ಜಗಳದಲ್ಲಿ ಅವರ ಮನೆಯ ಅವ್ವ ನಡುವೆ ಬಂದದ್ದು ಒಂದೇ ಸಲ. ಸಿರಿಧಾನ್ಯದ ಗಾಳಿ ಬೀಸಿದ ಕಾಲ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತು. ಹುಡುಗ ಜೋಳದ ಪಿಜ್ಜಾ ಮಾಡುತ್ತೇನೆ ಅಂತ ಹೊರಟ. ಹಿಟ್ಟು ಕಲಸಿದ, ತಟ್ಟಿದ, ಇಟಲಿಯವರ ಹಾಗೆ ಗಾಳಿಯಲ್ಲಿ ತಿರುಗಿಸಿ ಹಾರಿಸಿದ. ಮೇಲೆ ಹೋದದ್ದು ಒಂದು, ಕೆಳಗೆ ಬಂದದ್ದು ಹತ್ತಾರು. ದೊಡ್ಡ ತುಂಡು ಅಪ್ಪನ ಉದ್ರಿ ಬುಕ್ಕಿನ ಮೇಲೆ ಬಿತ್ತು. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ಎಳೆದರೆ ಹಿಗ್ಗುವುದಿಲ್ಲ, ಹರಿಯುತ್ತದೆ.

ಅವ್ವ ಒಳಗಿನಿಂದ ಬಂದಳು. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಕೈ ಸುಡುವಾಗಲೇ ನಾದಿದಳು. ಉಂಡೆಯನ್ನು ಕಲ್ಲಿನ ಮೇಲಿಟ್ಟು ಎರಡೂ ಕೈಯಿಂದ ಪಟಪಟ ಬಡಿದಳು. ಬಡಿತಕ್ಕೆ ರೊಟ್ಟಿ ತಾನೇ ತಿರುಗುತ್ತಾ ಅಗಲವಾಯಿತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ಮಗುಚಿ, ಖಡಕ್ ಆಗುವವರೆಗೆ ಬಿಟ್ಟಳು. "ಗಾಳ್ಯಾಗ ಏನ್ ಬಡೀತಿ? ಕಲ್ಲಿನ ಮ್ಯಾಲ ಬಡಿ" ಅಂದು ಒಳಗೆ ಹೋದಳು. ಆ ಖಡಕ್ ರೊಟ್ಟಿಯ ಮೇಲೆ ಚೀಸು, ಶೇಂಗಾ ಹಿಂಡಿ ಹಾಕಿ ಈಗ ಮಾರುತ್ತಾರೆ. ಅಲ್ಲೇ ನಿಂತು ತಿಂದರೆ ಅದ್ಭುತ. ಪಾರ್ಸೆಲ್ ಒಯ್ದರೆ ಮುಗೀತು, ಮನೆಯಲ್ಲಿ ಡಬ್ಬಿ ತೆರೆದಾಗ ಚೂಡಾ ಆಗಿರುತ್ತದೆ.

ಇಷ್ಟೆಲ್ಲ ಆದರೂ ರೊಕ್ಕದ ವಿಷಯ ಮಾತ್ರ ಬಗೆಹರಿದಿಲ್ಲ. ಮಗ ಕ್ಯೂಆರ್ ಕೋಡ್ ತಂದು ಗಲ್ಲಾದ ಮೇಲೆ ಅಂಟಿಸಿದ, ಹಣ ಬಂದಾಗ ಕೂಗಿ ಹೇಳುವ ಡಬ್ಬಿಯನ್ನೂ ಇಟ್ಟ. ಅದು "ಇನ್ನೂರು ರೂಪಾಯಿ ಬಂದಿದೆ" ಅಂದರೆ ಸಾವಕಾರ್ರು ಗಲ್ಲಾ ತೆರೆದು ನೋಡಿ "ಎಲ್ಲಿ ಬಂದದ?" ಅಂತ ಅದನ್ನೇ ಕೇಳುತ್ತಾರೆ. ಹೀಗಾಗಿ ಅವರ ಲೆಕ್ಕದಲ್ಲಿ ಫೋನಿನಲ್ಲಿ ಕೊಟ್ಟವರೆಲ್ಲ ಬಾಕಿದಾರರು.

ಮೊನ್ನೆ ಮಗಳ ಹುಟ್ಟುಹಬ್ಬ. ನಾನು ಚಿಕ್ಕ ಸಾವಕಾರನಿಗೆ ವಾಟ್ಸಾಪಿನಲ್ಲಿ ಆರು ಪಿಜ್ಜಾ ಬರೆದು ಹಾಕಿದೆ. ನಮ್ಮವಳು ಮಾಳಿಗೆಯಿಂದಲೇ ಬಗ್ಗಿ ದೊಡ್ಡವರಿಗೆ "ಕಾಕಾ, ಸಂಜಿಗೆ ಆರು ಪಿಜ್ಜಾ" ಅಂದಿದ್ದಳು. ಅಪ್ಪ ಮಗ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಆರೇ ಬರುತ್ತಿದ್ದವು. ಅಂದು ಯಾವುದಕ್ಕೋ ಇಬ್ಬರಿಗೂ ಮಾತಿರಲಿಲ್ಲ. ಸಂಜೆ ಹನ್ನೆರಡು ಡಬ್ಬಿ ಮೇಲೆ ಬಂದವು. ಆರು ದುಂಡಗೆ, ಬೇಸಿಲ್ ಹಾಕಿದ್ದು. ಆರು ಚೌಕ, ಖಾರ ಹಚ್ಚಿದ್ದು, ಜೊತೆಗೆ ಉಳ್ಳಾಗಡ್ಡಿ, ಲಿಂಬು. ಮಕ್ಕಳು ಹತ್ತೇ ಜನ. ಉಳಿದದ್ದನ್ನು ಓಣಿಗೆಲ್ಲ ಹಂಚಿದೆವು. ಹೇಳಬೇಕೆಂದರೆ, ಚೌಕದ್ದೇ ಮೊದಲು ಖಾಲಿಯಾಯಿತು. ಇದನ್ನು ನಾನು ಹುಡುಗನಿಗೆ ಹೇಳಿಲ್ಲ.

ಹನ್ನೆರಡರ ರೊಕ್ಕವನ್ನೂ ಫೋನಿನಲ್ಲಿ ಹಾಕಿದೆ. ಕೆಳಗೆ ಡಬ್ಬಿ ಕೂಗಿದ್ದು ಮೇಲಿನವರೆಗೆ ಕೇಳಿಸಿತು. ಮರುದಿನ ಇಳಿದು ನೋಡಿದರೆ ಉದ್ರಿ ಬುಕ್ಕಿನಲ್ಲಿ ನನ್ನ ಹೆಸರು, ಮುಂದೆ "ಪಿಜ್ಜಾ 6". ಮಗನಿಗೆ ತೋರಿಸಿದೆ, ಅವನು ಗೀಟು ಹಾಕಿ ಹೊಡೆದು ಹಾಕಿದ. ಸಂಜೆ ಹೋಗುವಾಗ ನೋಡಿದರೆ ಗೀಟಿನ ಕೆಳಗೆ ಮತ್ತೆ ಬರೆದಿತ್ತು, ಈ ಸಲ ನೀಲಿ ಪೆನ್ನಿನಲ್ಲಿ, ಒತ್ತಿ.

ನಾನು ಬಾಯಿ ತೆರೆಯುವ ಮೊದಲೇ ಸಾವಕಾರ್ರು ಕೈ ಅಡ್ಡ ಮಾಡಿ ನಕ್ಕರು. "ಅವಸರ ಏನಿಲ್ರಿ. ನಮ್ಮ ಮನಿಯಾಗೇ ಇರ್ತೀರಿ, ಎಲ್ಲಿ ಹೋಗ್ತೀರಿ? ಬಂದಾಗ ಕೊಡ್ರಿ."